ಹದಿನೇಳನೇ ಮೇಜಿನ ಮೂಗು

ಅವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಮೂಗು ದೊಡ್ಡದೆಂದಲ್ಲ. ಅಪ್ಪನಿಂದ ಬಂದ ಸಾಧಾರಣ ಮೂಗು, ತುದಿಯಲ್ಲಿ ಸ್ವಲ್ಪ ಚಪ್ಪಟೆ. ಆದರೆ ಹನ್ನೊಂದು ವರ್ಷ ಆ ಮೂಗು ದುಡಿದಷ್ಟು ಆ ಮನೆಯಲ್ಲಿ ಇನ್ನಾರೂ ದುಡಿದಿರಲಿಲ್ಲ, ದಿನಕ್ಕೆ ಎಂಟು ಗಂಟೆ ಸಿಟಿ ಬಸ್ಸು ಓಡಿಸುವ ಅವಳ ಗಂಡನೂ ಸೇರಿದಂತೆ.

ಊರಾಚೆ ದೊಡ್ಡ ರಸ್ತೆಯ ಪಕ್ಕ ತಗಡಿನ ಚಾವಣಿಯ ಒಂದು ಗೋದಾಮು. ಜನ ಫೋನಿನಲ್ಲಿ ಕೊಂಡು, ಮನೆಗೆ ಬಂದ ಮೇಲೆ ಬೇಡವೆನಿಸಿ ವಾಪಸ್ ಕಳಿಸಿದ ಸಾಮಾನೆಲ್ಲ ಬಂದು ಬೀಳುವುದು ಅಲ್ಲಿ. ಮಿಕ್ಸರು, ಚಪ್ಪಲಿ, ದಿಂಬು, ಗೊಂಬೆ. ಬಟ್ಟೆ ಬಂದರೆ ಆರು ಮೇಜುಗಳಿಗೆ, ಅವುಗಳಲ್ಲಿ ಹದಿನೇಳನೆಯದು ಮೂಗಿನಕ್ಕನದು. ಹಾಕಿ ನೋಡಿ ಅಳತೆ ಸರಿಯಿಲ್ಲ ಎಂದು ಕಳಿಸಿದ್ದರೆ ದುಡ್ಡು ವಾಪಸ್. ಹಾಕಿಕೊಂಡು ಒಂದು ದಿನ ಪೂರ್ತಿ ಮೆರೆದು, ಫೋಟೋ ತೆಗೆಸಿಕೊಂಡು, ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ ಕಳಿಸಿದ್ದರೆ ದುಡ್ಡಿಲ್ಲ, ಬಟ್ಟೆಯೇ ಅವರ ಮನೆಗೆ ವಾಪಸ್. ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಬಟ್ಟೆಯ ಕಂಕುಳನ್ನೂ ಕಾಲರನ್ನೂ ಮೂಗಿಗೆ ಹಿಡಿಯಬೇಕು. ಪರದೆಯ ಮೇಲೆ ಎರಡು ಗುಂಡಿ. ಹಸಿರು ಒತ್ತಿದರೆ ‘ಸರಿ ಇದೆ’. ಕೆಂಪು ಒತ್ತಿದರೆ ‘ಧರಿಸಿದವರ ಮೈವಾಸನೆ ಪತ್ತೆಯಾಗಿದೆ’ ಎಂಬ ಚೀಟಿ, ಮೇಜಿನ ಸಂಖ್ಯೆಯೊಡನೆ.

ಹೀಗೆ ಮೂಸಿ ಮೂಸಿ ಅವಳು ಲೋಕವನ್ನು ಅರಿತಿದ್ದಳು. ಒಂದೇ ಅಂಗಿಯನ್ನು ಮೂರು ಅಳತೆಯಲ್ಲಿ ತರಿಸಿ ಎರಡನ್ನು ಕಳಿಸುವವರು ಬುದ್ಧಿವಂತರು. ಮೂರನ್ನೂ ಕಳಿಸುವವರು ದುಃಖದಲ್ಲಿರುವವರು. ತಿಂಗಳ ಮೊದಲ ವಾರ ಕೊಂಡದ್ದು ಮೂರನೇ ವಾರ ವಾಪಸ್ ಬರುತ್ತದೆ, ಆಗ ಅದರ ಜೊತೆ ಒಂದು ನಿಟ್ಟುಸಿರೂ ಡಬ್ಬಿಯೊಳಗೆ ಬರುತ್ತದೆ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಬೆಲೆಯ ಚೀಟಿಯನ್ನು ಕಂಕುಳೊಳಗೆ ಬಚ್ಚಿಟ್ಟುಕೊಂಡು ಇಡೀ ಸಂಜೆ ಕೈ ಎತ್ತದೆ ಕೂತವರು, ಕಲೆಯಾದ ಕಡೆಗೆ ಸೆಂಟು ಹೊಡೆದವರು, ತೊಳೆದು ಇಸ್ತ್ರಿ ಮಾಡಿ ಹೊಸದಕ್ಕಿಂತ ಹೊಸದಾಗಿ ಕಳಿಸಿದವರು, ಎಲ್ಲರೂ ಅವಳ ಕೈಯಲ್ಲಿ ಸಿಕ್ಕಿಬಿದ್ದವರೇ. ಕಾಲೇಜಿಗೆ ಹೋಗುವ ಮಗಳು ಒಮ್ಮೆ, “ಒಂದೇ ದಿನ ಹಾಕ್ಕೊಂಡು ವಾಪಸ್ ಕಳಿಸ್ತೀನಮ್ಮ, ಎಲ್ಲರೂ ಹಂಗೇ ಮಾಡೋದು” ಎಂದಾಗ ಅವಳು, “ಕಳಿಸು, ಕಳಿಸು. ನನ್ನ ಮೇಜಿಗೇ ಬರುತ್ತೆ. ಹೆತ್ತ ಮಗಳು ಅಂತ ನೋಡಲ್ಲ, ಕೆಂಪು ಒತ್ತಿಬಿಡ್ತೀನಿ” ಎಂದಿದ್ದಳು. ಮಗಳು ಒಂದು ವಾರ ಮುಖ ಊದಿಸಿಕೊಂಡು ಓಡಾಡಿದಳು.

ಮೂಗಿಗೂ ಸುಸ್ತಾಗುತ್ತದೆ. ಹತ್ತು ಬಟ್ಟೆಗೊಮ್ಮೆ ಅವಳು ತನ್ನದೇ ಮೊಣಕೈಯ ಒಳಮಡಿಕೆಗೆ ಮೂಗಿಟ್ಟು ಎರಡು ಸಲ ಉಸಿರೆಳೆಯುತ್ತಿದ್ದಳು. ಸ್ವಂತ ವಾಸನೆ ಸಿಕ್ಕರೆ ಮೂಗು ಮತ್ತೆ ಹಾದಿಗೆ ಬರುತ್ತದೆ. ಈ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಂತ ಬುದ್ಧಿಯಿಂದ ಕಂಡುಕೊಂಡದ್ದು ಎಂಬ ಹೆಮ್ಮೆ ಅವಳಿಗಿತ್ತು, ಇರಬೇಕಾದದ್ದೇ.

ಇದಕ್ಕೆಲ್ಲ ಸಿಕ್ಕ ಬಹುಮಾನ ಒಂದು ಕುರ್ಚಿ. ನಗಬೇಡಿ. ನಲವತ್ತು ಮೇಜಿನ ಆ ಗೋದಾಮಿನಲ್ಲಿ ಕುರ್ಚಿ ಇದ್ದದ್ದು ಬಟ್ಟೆ ಮೂಸುವ ಆರು ಜನರಿಗೆ ಮಾತ್ರ. ಮಿಕ್ಕವರೆಲ್ಲ ಬೆಳಗ್ಗೆ ಎಂಟರಿಂದ ಐದರವರೆಗೆ ನಿಂತೇ ಇರಬೇಕು. ಮೂಸುವ ಕೆಲಸ ಸಿಗುವ ಮೊದಲು ಅವಳೂ ಏಳು ವರ್ಷ ಪ್ಯಾಕಿಂಗ್ ಸಾಲಿನಲ್ಲಿ ನಿಂತವಳೇ. ಆ ಏಳು ವರ್ಷ ಅವಳ ಮಂಡಿಗಳನ್ನು ತಿಂದು ಹಾಕಿದ್ದವು. ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಕುರ್ಚಿ ಹೋದರೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು, ನಿಲ್ಲಲಾಗದಿದ್ದರೆ ಮನೆ. ಮನೆಯೆಂದರೆ ಮಗಳ ಕಾಲೇಜೂ ಅರ್ಧಕ್ಕೆ ನಿಲ್ಲುವುದು. ಇಷ್ಟು ಅವಳಿಗೆ ಬಾಯಿಪಾಠವಾಗಿತ್ತು.

ಅಂಥ ಮೂಗು ಹೋಯಿತು.

ಒಂಬತ್ತು ದಿನ ಜ್ವರ, ನೆಗಡಿ. ಜ್ವರ ಬಿಟ್ಟಿತು, ನೆಗಡಿ ಬಿಟ್ಟಿತು, ಅವುಗಳ ಹಿಂದೆಯೇ ವಾಸನೆಯೂ ಬಿಟ್ಟುಹೋಯಿತು. ಡಾಕ್ಟರು ಟಾರ್ಚು ಹಾಕಿ ನೋಡಿ, “ಬಂದ್ರೆ ಬರುತ್ತಮ್ಮ. ಕೆಲವರಿಗೆ ತಿಂಗಳಲ್ಲಿ, ಕೆಲವರಿಗೆ ವರ್ಷಕ್ಕೆ. ಬರದೇನೂ ಇರಬಹುದು. ಕಾಯಬೇಕು ಅಷ್ಟೇ” ಎಂದರು. ಅವಳು ಆ ಮಾತನ್ನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಕಾಯುವುದು ಅವಳಿಂದಾಗದ ಕೆಲಸ. ಆದ್ದರಿಂದ ಕೊಳ್ಳತೊಡಗಿದಳು. ಊಟದ ಬಿಡುವಿನಲ್ಲಿ ಡಬ್ಬಿಯನ್ನು ಬದಿಗಿಟ್ಟು ಫೋನಿನಲ್ಲಿ ಹುಡುಕುವಳು: ಘಮಘಮಿಸುವ ಸೋಪು, ಅದಕ್ಕಿಂತ ಘಾಟಾದ ಸೋಪು, ನಿಂಬೆಯದು, ಗುಲಾಬಿಯದು, ಹೆಸರೇ ಗೊತ್ತಿಲ್ಲದ ಯಾವುದೋ ಕಾಡು ಎಲೆಯದು. ಪ್ರತಿ ಸಲ ‘ಕೊಳ್ಳಿ’ ಒತ್ತುವಾಗ ಎದೆಯಲ್ಲಿ ಒಂದು ಸಣ್ಣ ಪುಳಕ, ಈ ಸಲ ವಾಸನೆ ತಟ್ಟಬಹುದು ಎಂದು. ಡಬ್ಬಿ ಬಂದು, ಬಿಚ್ಚಿ, ಮೂಗಿಗೆ ಹಿಡಿದರೆ ಕಲ್ಲನ್ನು ಮೂಸಿದಂತೆ. ಬಟ್ಟೆಯ ಕಪಾಟಿನ ಮೇಲಿನ ಖಾನೆಯಲ್ಲಿ ಒಂಬತ್ತು ಸೋಪು ಸಾಲಾಗಿ ಕೂತಿದ್ದವು. ಲೋಕದ ಚಪಲವನ್ನೆಲ್ಲ ಮೂಸಿ ಹಿಡಿದವಳು ತಾನೇ ಅದರ ಬಲೆಗೆ ಬಿದ್ದಿದ್ದಳು. ಒಂದನ್ನೂ ಅವಳು ವಾಪಸ್ ಕಳಿಸಲಿಲ್ಲ, ಅಷ್ಟು ಮಾನ ಉಳಿದಿತ್ತು.

ಮನೆಯಲ್ಲಿ ಇನ್ನೊಂದು ಕಿರಿಕಿರಿ. ಇದ್ದಕ್ಕಿದ್ದಂತೆ ಗಂಡನಿಗೆ ಅಡುಗೆಮನೆಯ ಮೇಲೆ ಪ್ರೀತಿ ಬಂದಿತ್ತು. ಹಾಲು ಕಾಯಲಿಟ್ಟರೆ ಸಾಕು, ಎಲ್ಲಿದ್ದರೂ ಬಂದು ಒಲೆಯ ಪಕ್ಕ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದ. “ಏನ್ರೀ ಇಲ್ಲಿ ದಾರಿಗಡ್ಡ? ಬಸ್ ಸ್ಟಾಪಾ ಇದು?” ಎಂದು ಗದರಿದರೆ, “ಸುಮ್ನೆ ಕಣೇ” ಎನ್ನುತ್ತಿದ್ದ. ವಯಸ್ಸಾದ ಮೇಲೆ ಗಂಡಸರಿಗೆ ಹೀಗೂ ಆಗುತ್ತದೇನೋ ಎಂದು ಅವಳು ಸುಮ್ಮನಾದಳು.

ಇತ್ತ ಗೋದಾಮಿನಲ್ಲಿ ಅವಳು ನಾಟಕ ಆಡುತ್ತಿದ್ದಳು. ಬಟ್ಟೆಯನ್ನು ಎತ್ತುವುದು, ಮೂಗಿಗೆ ಹಿಡಿಯುವುದು, ಕಣ್ಣು ಮುಚ್ಚುವುದು, ಎಲ್ಲ ಮೊದಲಿನಂತೆಯೇ. ಒಳಗೆ ಏನೂ ಇಲ್ಲ. ಮೊಣಕೈಯ ಮಡಿಕೆಗೆ ಮೂಗಿಟ್ಟರೆ ಅಲ್ಲೂ ಏನಿಲ್ಲ, ತಾನೇ ಅಲ್ಲಿ ಇಲ್ಲವೇನೋ ಎನಿಸುತ್ತಿತ್ತು. ಕಾಲರಿನ ಮಡಿಕೆ, ಚೀಟಿಯ ದಾರ, ಕಂಕುಳ ಸುಕ್ಕು ನೋಡಿ ಅಂದಾಜು ಮಾಡುವಳು. ಅಂದಾಜಿಗೂ ಸಿಗದಿದ್ದಾಗ, ಬಹಳ ಹೊತ್ತು ಬರೀ ಹಸಿರನ್ನೇ ಒತ್ತಿದರೆ ಅನುಮಾನ ಬಂದೀತೆಂದು, ನಡುವೆ ಒಂದು ಕೆಂಪು ಒತ್ತುವಳು. ಯಾರದ್ದೋ ಬಟ್ಟೆ, ಯಾರದ್ದೋ ದುಡ್ಡು. ಮೊದಮೊದಲು ಕೆಂಪು ಒತ್ತಿದ ಬಟ್ಟೆಯನ್ನು ಮತ್ತೊಮ್ಮೆ ಬಿಡಿಸಿ ನೋಡುವಳು. ಎರಡು ತಿಂಗಳಾಗುವಷ್ಟರಲ್ಲಿ ಅದೂ ನಿಂತಿತು. ತಾನು ಎಂಥವಳಾಗಿಬಿಟ್ಟೆ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ಒಮ್ಮೊಮ್ಮೆ ಅನಿಸುತ್ತಿತ್ತು, ಇಳಿಯುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು.

ನಾಲ್ಕನೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಸೂಪರ್‌ವೈಸರ್ ಮೇಜಿನ ಹತ್ತಿರ ಬಂದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಸದಾ ಅವಸರದಲ್ಲಿರುವವನು.

“ಅಕ್ಕ, ಗೇಟ್ ಹತ್ರ ಯಾರೋ ಒಬ್ಬರು ಅಜ್ಜಿ ಬಂದಿದಾರೆ. ನಿಮ್ಮ ಮೇಜಿನ ಚೀಟಿ ಹಿಡ್ಕೊಂಡು.”

“ಜಗಳ ಮಾಡ್ತಿದಾರಾ ಸಾರ್?”

“ಇಲ್ಲ ಅಕ್ಕ. ಅದೇ ಭಯ ಆಗ್ತಿರೋದು.”

ಗೋದಾಮಿನವರೆಗೆ ದೂರು ಹೊತ್ತು ಬರುವವರು ವರ್ಷಕ್ಕೆ ಇಬ್ಬರೋ ಮೂವರೋ. ಬಂದರೆ ನಿಯಮ ಇಷ್ಟೇ: ಕೆಂಪು ಒತ್ತಿದವರು ಗಿರಾಕಿಯ ಎದುರಿಗೇ ಆ ಬಟ್ಟೆಯನ್ನು ಮತ್ತೊಮ್ಮೆ ಮೂಸಿ ಹೇಳಬೇಕು. ಮೂಗಿನಕ್ಕ ಗೋಡೆ ಹಿಡಿದು ಮೆಟ್ಟಿಲಿಳಿದಳು.

ಗೇಟಿನ ಪಕ್ಕದ ಕೋಣೆ ಅರ್ಧ ಗೋಡೆ, ಅರ್ಧ ಗಾಜು. ಒಳಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಕ್ಯಾನು. ಎಪ್ಪತ್ತು ದಾಟಿದ ಸಣಕಲು ಹೆಂಗಸು ಮಡಿಲಲ್ಲಿ ಬಟ್ಟೆಯ ಚೀಲವಿಟ್ಟುಕೊಂಡು ಕೂತಿದ್ದರು. ಸೂಪರ್‌ವೈಸರ್ ಗಾಜಿನ ಆಚೆ ನಿಂತು ಫೋನಿನಲ್ಲಿ ಮಾತಿಗಿಳಿದ. ಕಣ್ಣು ಮಾತ್ರ ಇತ್ತಲೇ ಇತ್ತು.

“ಹದಿನೇಳನೇ ಮೇಜು ನೀವೇನಾ?” ಅಜ್ಜಿ ಕೇಳಿದರು. “ಕೂತ್ಕೊಳ್ಳಮ್ಮ. ಬೈಯೋಕೆ ಬಂದಿಲ್ಲ.”

ಚೀಲದಿಂದ ತಿಳಿನೀಲಿ ಬಣ್ಣದ ತುಂಬು ತೋಳಿನ ಶರ್ಟೊಂದನ್ನು ತೆಗೆದರು. ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

“ನಮ್ಮನೆಯವರದು. ಜೀವಮಾನದಲ್ಲಿ ದರ್ಜಿ ಹೊಲಿದಿದ್ದು ಬಿಟ್ಟು ಬೇರೆ ಹಾಕಿದವರಲ್ಲ. ಮೇಷ್ಟ್ರಾಗಿದ್ರು. ಎಲ್ಲರೂ ಫೋನಲ್ಲಿ ತರಿಸ್ತಾರೆ ನಾನೂ ತರಿಸ್ತೀನಿ ಅಂತ ಹಠ. ಬಂತು. ಹಾಕ್ಕೊಂಡು ಕನ್ನಡಿ ಮುಂದೆ ಅರ್ಧ ಗಂಟೆ ನಿಂತ್ರು. ಹೊಟ್ಟೆ ಹತ್ರ ಬಿಗಿ. ತಾವೇ ಕೂತ್ಕೊಂಡು ವಾಪಸ್ ಅಂತ ಒತ್ತಿದ್ರು. ಗುರುವಾರ ಬಂದು ತಗೊಂಡು ಹೋಗ್ತೀವಿ ಅಂತ ಮೆಸೇಜು ಬಂತು.” ಅಜ್ಜಿ ಸ್ವಲ್ಪ ಹೊತ್ತು ಶರ್ಟಿನ ಗುಂಡಿ ನೋಡಿದರು. “ಇವರು ಮಂಗಳವಾರ ಹೋಗಿಬಿಟ್ರು.”

ಮೂಗಿನಕ್ಕ ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು.

“ಗುರುವಾರ ಡೆಲಿವರಿಯವನು ಬಂದು ಪಾರ್ಸೆಲ್ ಕೊಡಿ ಅಂದ. ಮನೆ ತುಂಬ ಜನ. ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ, ಕೊಟ್ಟುಬಿಟ್ಟೆ. ಬಂದ ನೆಂಟರು ಸುಮ್ನೆ ಇರಲಿಲ್ಲ. ಸಹಾಯ ಮಾಡ್ತೀವಿ ಅಂತ ಇವರ ಬಟ್ಟೆ, ಹಾಸಿಗೆ, ಟವೆಲ್ಲು ಎಲ್ಲಾ ಒಗೆದು ಮಡಿಸಿಟ್ರು. ಒಂದರಲ್ಲೂ ಇವರಿಲ್ಲ ಈಗ. ಬರೀ ಸೋಪಿನ ಪುಡಿ.” ಅವರು ಚೀಟಿಯನ್ನು ಮುಂದೆ ಚಾಚಿದರು. “ಆಮೇಲೆ ಇದು ಬಂತು. ‘ಧರಿಸಿದವರ ಮೈವಾಸನೆ ಪತ್ತೆಯಾಗಿದೆ’ ಅಂತ. ಓದಿ ಓದಿ ಅತ್ತೆ. ಮೂರು ದಿನದಿಂದ ಮೂಸ್ತಿದೀನಿ ಕಣಮ್ಮ, ನನಗೆ ಸಿಗ್ತಾ ಇಲ್ಲ. ಮುದಿ ಮೂಗು. ನಿಮಗೆ ಸಿಕ್ಕಿದೆಯಲ್ಲ, ಎಲ್ಲಿದೆ ಅಂತ ತೋರಿಸಿ. ಅಷ್ಟಕ್ಕೇ ಎರಡು ಬಸ್ ಬದಲಾಯಿಸಿ ಬಂದೆ.”

ಆ ಶರ್ಟು ಅವಳಿಗೆ ನೆನಪೇ ಇರಲಿಲ್ಲ. ದಿನಕ್ಕೆ ನೂರಾರು ಬಟ್ಟೆ. ಆವತ್ತು ಕೆಂಪು ಕಡಿಮೆಯಾಯಿತು ಎಂದು ಒತ್ತಿದ್ದೋ, ಕಾಲರಿನ ಮಡಿಕೆ ನೋಡಿ ಒತ್ತಿದ್ದೋ, ದೇವರಿಗೇ ಗೊತ್ತು. ಅವಳು ಶರ್ಟನ್ನು ತೆಗೆದುಕೊಂಡು ಕಾಲರಿಗೆ ಮೂಗಿಟ್ಟಳು. ಹನ್ನೊಂದು ವರ್ಷದಲ್ಲಿ ಯಾವ ಬಟ್ಟೆಯನ್ನೂ ಅಷ್ಟು ಆಸೆಯಿಂದ ಮೂಸಿರಲಿಲ್ಲ. ಏನೂ ಇಲ್ಲ. ಗಾಜಿನಾಚೆ ಸೂಪರ್‌ವೈಸರ್ ಫೋನು ಕೆಳಗಿಳಿಸಿ ನೋಡುತ್ತಿದ್ದ.

“ಇಲ್ಲಿ,” ಎಂದಳು, ಕಾಲರಿನ ಹಿಂಭಾಗ ತೋರಿಸಿ.

ಅಜ್ಜಿ ಅಲ್ಲಿ ಮುಖವಿಟ್ಟು ಬಹಳ ಹೊತ್ತು ಇದ್ದರು. ತಲೆಯೆತ್ತಿದಾಗ ಕಣ್ಣು ಬತ್ತಿದಂತಿತ್ತು. “ಇಲ್ಲಮ್ಮ. ನನಗೆ ಬರ್ತಿಲ್ಲ. ನೀವೇ ಹೇಳಿ, ಹೇಗಿದೆ? ನೀವು ಹೇಳಿದ್ರೆ ಬರಬಹುದೇನೋ.”

ಗಂಡಸಿನ ಮೈವಾಸನೆ ಹೇಗಿರುತ್ತದೆ? ಅವಳಿಗೆ ನೆನಪಿದ್ದದ್ದು ಒಂದೇ. ಅದನ್ನೇ ಹೇಳತೊಡಗಿದಳು. “ನಿಂಬೆ ಸೋಪು... ಕೆಳಗೆ ಬೆವರು, ಬಿಸಿಲಲ್ಲಿ ಕಾದ ಸೀಟಿನ ಥರ... ಒಂಚೂರು ಡೀಸೆಲ್ಲು.”

“ಡೀಸೆಲ್ಲಾ?” ಅಜ್ಜಿ ಅವಳನ್ನೇ ನೋಡಿದರು. “ಪಾಠ ಮಾಡೋರಿಗೆ ಡೀಸೆಲ್ ಎಲ್ಲಿಂದ ಬರ್ಬೇಕು? ಸೋಪಂತೂ ಅವರಿಗೆ ಆಗ್ತಾನೇ ಇರಲಿಲ್ಲ, ಮೈಯೆಲ್ಲ ತುರಿಕೆ. ಬರೀ ಬಿಸಿನೀರು.” ಆಮೇಲೆ ಮೆಲ್ಲಗೆ ಕೇಳಿದರು, “ಇದು ನಿಮ್ಮನೆಯವರದಲ್ವಾ ನೀವು ಹೇಳಿದ್ದು?”

ಮೂಗಿನಕ್ಕನ ಕೈಯಲ್ಲಿ ಶರ್ಟು ಮುದ್ದೆಯಾಯಿತು. ನಾಲ್ಕು ತಿಂಗಳು ಅದುಮಿಟ್ಟದ್ದು ಹೊರಗೆ ಬಂತು.

“ನನಗೆ ವಾಸನೆ ಬರಲ್ಲ ಅಮ್ಮ. ಜ್ವರದಲ್ಲಿ ಹೋಯ್ತು. ನಾಲ್ಕು ತಿಂಗಳಿಂದ ಸುಮ್ನೆ ಒತ್ತುತಾ ಇದೀನಿ. ನಿಮ್ಮದೂ ಹಾಗೇ ಒತ್ತಿದ್ದು. ಅದರಲ್ಲಿ ಅವರಿದಾರೋ ಇಲ್ವೋ ನನಗೆ ಗೊತ್ತಿಲ್ಲ. ಕ್ಷಮಿಸಿಬಿಡಿ.”

ಅಜ್ಜಿ ತಿರುಗಿ ಗಾಜಿನಾಚೆ ನೋಡಿದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಹೊರಗೆ ನಿಂತಿದಾನಲ್ಲ, ಅವನಿಗೆ ಗೊತ್ತಾ?”

“ಇಲ್ಲ.”

“ಗೊತ್ತಾದ್ರೆ?”

“ಕೆಲಸ ಹೋಗುತ್ತೆ.”

ಅಜ್ಜಿ ಶರ್ಟನ್ನು ಅವಳ ಕೈಯಿಂದ ತೆಗೆದುಕೊಂಡು, ಮುದ್ದೆಯಾದದ್ದನ್ನು ಮಡಿಲ ಮೇಲೆ ನೇವರಿಸಿ ಸರಿಮಾಡಿದರು. “ಇದ್ರೂ ಇರಬಹುದು ಅಲ್ವಾ?”

“ಇದ್ರೂ ಇರಬಹುದಮ್ಮ. ಹಾಕ್ಕೊಂಡಿದ್ರಲ್ಲ.”

“ಸಾಕು ಬಿಡಿ.” ಎದ್ದು ನಿಂತು ಬಾಗಿಲು ತೆರೆದವರೇ ಸೂಪರ್‌ವೈಸರಿಗೆ ಗಟ್ಟಿಯಾಗಿ ಹೇಳಿದರು, “ವಾಸನೆ ಇದೆ ಕಣಪ್ಪಾ. ಸರಿಯಾಗೇ ಹೇಳಿದಾರೆ ಇವರು. ನನಗೆ ದುಡ್ಡು ಬೇಡ.” ಶರ್ಟನ್ನು ಚೀಲಕ್ಕೆ ಹಾಕಿಕೊಂಡು, ಬಿಸಿಲಿಗೆ ಸೆರಗು ತಲೆಯ ಮೇಲೆಳೆದು, ಗೇಟು ದಾಟಿ ಬಸ್ ಸ್ಟಾಪಿನ ಕಡೆ ನಡೆದರು.

“ನೋಡಿ, ಇದು ಮೂಗು ಅಂದ್ರೆ!” ಸೂಪರ್‌ವೈಸರ್ ಖುಷಿಯಾದ. “ಇನ್ಮೇಲೆ ದೂರೆಲ್ಲ ನಿಮಗೇ ಕಳಿಸ್ತೀನಿ ಅಕ್ಕ.”

ಅವಳು ಮೇಜಿಗೆ ಮರಳುವಷ್ಟರಲ್ಲಿ ಬಟ್ಟೆಯ ರಾಶಿ ಎದೆಮಟ್ಟ ಬೆಳೆದಿತ್ತು. ಒಂದನ್ನು ಎತ್ತಿದಳು, ಹಸಿರು. ಇನ್ನೊಂದು, ಹಸಿರು. ಕೆಂಪಿನ ಹತ್ತಿರ ಬೆರಳು ಹೋಗಲೇ ಒಲ್ಲದು. ಆ ಗುಂಡಿಯ ಇನ್ನೊಂದು ತುದಿಯಲ್ಲಿ ಯಾರೋ ಕೂತು ಓದುತ್ತಾರೆ ಎಂಬುದು ಇಷ್ಟು ವರ್ಷದಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ. ಐದಾಯಿತು. ಅವಳು ಎದ್ದು ನೇರ ಸೂಪರ್‌ವೈಸರಿನ ಹತ್ತಿರ ಹೋಗಿ, ಅವನ ಮೇಜಿನ ಅಂಚು ಹಿಡಿದು ನಿಂತಳು.

“ಸಾರ್, ನನಗೆ ವಾಸನೆ ಬರಲ್ಲ. ನಾಲ್ಕು ತಿಂಗಳಾಯ್ತು. ಆ ಅಜ್ಜಿ ನನ್ನ ಉಳಿಸೋಕೆ ಸುಳ್ಳು ಹೇಳಿದ್ರು.”

ಅವನು ಅವಳನ್ನು ನೋಡಿದ, ಪರದೆ ನೋಡಿದ, ಬೆರಳಲ್ಲಿ ಏನನ್ನೋ ಕೆಳಗೆ ಮೇಲೆ ಮಾಡಿದ. “ಗಂಟೆಗೆ ಅರವತ್ತೆರಡು ಬಟ್ಟೆ ಮಾಡ್ತಿದೀರ. ಮೊದಲು ಐವತ್ತು ಆಗ್ತಿತ್ತು. ಕೆಂಪು ನೂರಕ್ಕೆ ನಾಲ್ಕು. ಮೊದಲೂ ನಾಲ್ಕೇ. ಏನ್ ತೊಂದ್ರೆ ಅಕ್ಕ?”

“ಮೂಗಿಲ್ಲದೆ ಒತ್ತುತಾ ಇದೀನಿ ಅಂತಿದೀನಿ ಸಾರ್.”

“ಕೇಳಿಸ್ತು. ಒಂದೂ ಕೆಂಪಿಲ್ಲ ಅಂದ್ರೆ ಮೇಲಿನವರು ನನ್ನ ಕೇಳ್ತಾರೆ. ಹತ್ತಾದ್ರೆ ಗಿರಾಕಿಗಳು ಕೇಳ್ತಾರೆ. ನಾಲ್ಕು ಇದ್ರೆ ಯಾರೂ ಏನೂ ಕೇಳಲ್ಲ.”

“ಆದ್ರೆ ಯಾವ ನಾಲ್ಕು?”

“ಯಾವುದಾದ್ರೂ ನಾಲ್ಕು ಅಕ್ಕ.” ಅವನು ಸಿಟ್ಟಿನಿಂದ ಹೇಳಲಿಲ್ಲ. ಅವನೂ ಬೆಳಗ್ಗೆಯಿಂದ ಊಟ ಮಾಡಿದಂತೆ ಕಾಣಲಿಲ್ಲ. “ಇವತ್ತು ಮಧ್ಯಾಹ್ನದಿಂದ ಒಂದೂ ಕೆಂಪಿಲ್ಲ. ನಾಳೆ ಸರಿ ಮಾಡ್ಕೊಳ್ಳಿ. ಇದನ್ನ ಬೇರೆ ಯಾರಿಗೂ ಹೇಳ್ಬೇಡಿ.”

ಕುರ್ಚಿ ಉಳಿಯಿತು. ಸದ್ಯ ಬದುಕಿದೆ ಎಂದು ನೆಮ್ಮದಿಯ ಉಸಿರು ಬಿಡಬೇಕಿತ್ತು. ಬದಲಿಗೆ ಅವಳಿಗೆ ಅವಮಾನವಾಯಿತು. ಅಲ್ಲಿಂದ ಓಡಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹನ್ನೊಂದು ವರ್ಷ ತನ್ನ ವಿದ್ಯೆ ಎಂದುಕೊಂಡದ್ದು ಯಾರಿಗೂ ಬೇಕಿರಲಿಲ್ಲ, ಇದ್ದಾಗಲೂ ಹೋದಾಗಲೂ ಯಾರ ಗಮನಕ್ಕೂ ಬಂದಿರಲಿಲ್ಲ. ಬಸ್ಸಿನಲ್ಲಿ ಅವಳಿಗೆ ಆವತ್ತು ನಿದ್ದೆ ಬರಲಿಲ್ಲ.

ಮನೆಗೆ ಬಂದರೆ ಗಂಡ ಡ್ಯೂಟಿ ಮುಗಿಸಿ ಬಂದು, ಶರ್ಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಬನಿಯನ್ನಿನಲ್ಲಿ ಒಲೆಯ ಮುಂದೆ ನಿಂತಿದ್ದ. ಹಾಲು ಕಾಯುತ್ತಿತ್ತು.

“ರೀ, ನನಗೆ ವಾಸನೆ ಬರಲ್ಲ,” ಎಂದಳು, ಚಪ್ಪಲಿಯನ್ನೂ ಬಿಡದೆ.

“ಗೊತ್ತು ಕಣೇ.”

“ಗೊತ್ತಾ?”

“ಜ್ವರ ಬಿಟ್ಟ ಮೂರನೇ ದಿನಾನೇ ಗೊತ್ತಾಯ್ತು. ಹಾಲು ಸೀದು ಪಕ್ಕದ ಮನೆಯವರು ಬಾಗಿಲು ತಟ್ಟಿದ್ರು, ನೀನು ಒಲೆ ಪಕ್ಕದಲ್ಲೇ ನಿಂತ್ಕೊಂಡು ಆರಾಮಾಗಿ ತಟ್ಟೆ ಒರೆಸ್ತಿದ್ದೆ. ಆ ಸೋಪುಗಳು ಬೇರೆ. ನೀನಾಗೇ ಹೇಳ್ತೀಯ ಅಂತ ಕಾದೆ.”

ಅವಳು ಕುರ್ಚಿಯ ಮೇಲೆ ಕುಸಿದಳು. ಅವನ ಖಾಕಿ ಶರ್ಟು ಕೆನ್ನೆಗೆ ತಾಗಿತು. ಅದನ್ನೆಳೆದುಕೊಂಡು ಮೂಗಿಗೆ ಹಿಡಿದಳು, ಏನೂ ಇಲ್ಲ. ಅಜ್ಜಿಯ ಮುಂದೆ ಇದನ್ನೇ ಎಷ್ಟು ಚೆನ್ನಾಗಿ ವರ್ಣಿಸಿದ್ದಳು.

“ಡೀಸೆಲ್ ವಾಸನೆ ಬರ್ತಿದೆಯಾ ಇದರಲ್ಲಿ? ನೋಡಿ ಹೇಳಿ ಸ್ವಲ್ಪ.”

ಅವನು ತಿರುಗಿ ನೋಡಿ ನಕ್ಕ. “ಡೀಸೆಲ್ ಎಲ್ಲಿಂದ ಬರುತ್ತೆ? ನಮ್ಮ ಡಿಪೋಗೆ ಬ್ಯಾಟರಿ ಬಸ್ ಬಂದು ಎರಡು ವರ್ಷ ಆಯ್ತು. ಹೇಳಿದ್ನಲ್ಲ ಆವಾಗಲೇ. ನೀನು ಹೂಂ ಅಂದೆ.”

ಎರಡು ವರ್ಷ. ಅವುಗಳಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವಳ ಮೂಗು ಚೆನ್ನಾಗಿಯೇ ಇತ್ತು. ಊರವರ ಕಾಲರನ್ನೆಲ್ಲ ಮೂಸಿ ಬಂದು, ಊಟ ಬಡಿಸಿ, ಇವನ ಪಕ್ಕದಲ್ಲೇ ಮಲಗುತ್ತಿದ್ದಳು. ಅವನ ಮೈಯಿಂದ ಇಪ್ಪತ್ತು ವರ್ಷದ ಡೀಸೆಲ್ಲು ಬಿಟ್ಟುಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಆಗ ಅವಳಿಗೆ ಅಳು ಬಂತು. ಸದ್ದಿಲ್ಲದೆ, ಶರ್ಟು ಮುಖಕ್ಕೆ ಒತ್ತಿಕೊಂಡು ಅತ್ತಳು. ಅವನು ಒಲೆ ಆರಿಸಿ ಬಂದು ಪಕ್ಕದಲ್ಲಿ ನಿಂತ.

ಅತ್ತಾದ ಮೇಲೆ ಅವಳು ಎದ್ದು ಕಪಾಟು ತೆರೆದು, ಮೇಲಿನ ಖಾನೆಯಲ್ಲಿದ್ದ ಒಂಬತ್ತು ಸೋಪನ್ನೂ ತೆಗೆದು ಬಚ್ಚಲುಮನೆಯ ಬಕೆಟ್ಟಿಗೆ ಹಾಕಿದಳು. ಖಾಲಿಯಾದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದಳು. ಶರ್ಟನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಅಲ್ಲಿಟ್ಟಳು.

“ಏಯ್, ಅದನ್ನ ಒಗೀಬೇಕು ಕಣೇ,” ಗಂಡ ಬಾಗಿಲಲ್ಲಿ ನಿಂತು ಹೇಳಿದ. “ನಾಳೆ ಡ್ಯೂಟಿಗೆ ಬೇಕು.”

“ಇನ್ನೊಂದು ಹಾಕ್ಕೊಳ್ಳಿ,” ಎಂದಳು. “ಇದು ಹಿಂಗೇ ಇರ್ಲಿ. ಡಾಕ್ಟರು, ಬಂದ್ರೆ ಬರುತ್ತೆ ಅಂದಿದಾರೆ.”